ಎಮ್ಮೆ ಪಕ್ಕ ನಿಂತ ಈ ಕಪ್ಪು ಕೊಕ್ಕಿನ ಬೆಳ್ಳಕ್ಕಿ ಯಾವುದು? ತಲೆ ಕೆಟ್ಟುಹೋಗಿದೆ

ಹಿನ್ನೀರ ದಂಡೆ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಾನು ಹಕ್ಕಿ ನೋಡುವವನಲ್ಲ, ಮಗಳಿಂದ ಈ ಹುಚ್ಚು ಅಂಟಿಕೊಂಡಿದೆ. ಅವಳು ನಾಲ್ಕನೇ ಕ್ಲಾಸು. ಶಾಲೆಯಲ್ಲಿ ನೀರಿನ ಹಕ್ಕಿಗಳ ಚಾರ್ಟ್ ಮಾಡಿಕೊಂಡು ಬನ್ನಿ ಅಂದಿದ್ದಾರೆ. ನಾನು ದೊಡ್ಡ ಜಾಣನ ಹಾಗೆ "ಬೆಳ್ಳಕ್ಕಿ ಬರಿಯವ್ವ, ಬಣ್ಣ ಹಚ್ಚೋ ಕೆಲಸಾನೂ ಇಲ್ಲ" ಅಂದುಬಿಟ್ಟೆ. ಅವಳು ಪುಸ್ತಕ ನೋಡಿ ಬಂದು "ಬೆಳ್ಳಕ್ಕಿ ನಾಲ್ಕು ಥರ ಅದಾವಂತ ಪಪ್ಪಾ, ಗೋವಕ್ಕಿ, ಚಿಕ್ಕದು, ಮಧ್ಯಮ, ದೊಡ್ಡದು, ಯಾವುದು ಬರೀಲಿ" ಅಂದಳು. ಅಲ್ಲಿಗೆ ನನ್ನ ಜಾಣತನ ಮುಗಿಯಿತು.

ಹೋದ ಭಾನುವಾರ ಬೆಳಿಗ್ಗೆ ಇಬ್ಬರೂ ಗಾಡಿ ತಗೊಂಡು ಹಿನ್ನೀರಿನ ಕಡೆ ಹೋದೆವು. ಈಗ ಆಲಮಟ್ಟಿ ಡ್ಯಾಂ ತುಂಬಿದೆ, ನೀರು ಹೊಲದ ಬದುವಿನ ತನಕ ಬಂದು ನಿಂತಿದೆ, ಹಾಗಾಗಿ ಹಕ್ಕಿಗಳೂ ದಂಡೆಗೇ ಬಂದಿವೆ. ಸಿಕ್ಕಷ್ಟು ಫೋಟೋ ತೆಗೆದೆವು. ಮೂರನ್ನು ಇಲ್ಲಿ ಹಾಕಿದ್ದೇನೆ, ದಯವಿಟ್ಟು ನೋಡಿ ಹೇಳಿ.

ಮೊದಲನೆಯ ಫೋಟೋದಲ್ಲಿ ನಾಲ್ಕೈದು ಎಮ್ಮೆ ಮೇಯುತ್ತಿವೆ, ಅವುಗಳ ಕಾಲ ಸುತ್ತ ಹತ್ತು ಹನ್ನೆರಡು ಬಿಳಿ ಹಕ್ಕಿ. ಎಲ್ಲದಕ್ಕೂ ಹಳದಿ ಕೊಕ್ಕು, ಒಂದಕ್ಕೆ ಮಾತ್ರ ಕಪ್ಪು. ಗೋವಕ್ಕಿಗೆ ಹಳದಿ ಕೊಕ್ಕು, ಚಿಕ್ಕ ಬೆಳ್ಳಕ್ಕಿಗೆ ಕಪ್ಪು ಕೊಕ್ಕು ಅಂತ ಓದಿದ್ದೆ. ಹಾಗಾದರೆ ಇದು ದಾರಿ ತಪ್ಪಿ ಎಮ್ಮೆ ಹಿಂದೆ ಬಂದ ಚಿಕ್ಕ ಬೆಳ್ಳಕ್ಕಿಯಾ?

ಎರಡನೆಯದು ನೀರಂಚಿನ ಹುಲ್ಲಿನಲ್ಲಿ ಒಂದೇ ನಿಂತಿತ್ತು. ಕೊಕ್ಕು ಹಳದಿ, ತುದಿಗೆ ಮಾತ್ರ ಮಸಿ ಹತ್ತಿದ ಹಾಗಿದೆ. ಕಾಲು ಪೂರ್ತಿ ಕಪ್ಪು. ಮೊಬೈಲ್ ಆ್ಯಪ್‌ಗೆ ಕೊಟ್ಟರೆ ದೊಡ್ಡ ಬೆಳ್ಳಕ್ಕಿ ಅಂದಿತು. ಅದೇ ಹಕ್ಕಿಯ ಇನ್ನೊಂದು ಫೋಟೋ ಕೊಟ್ಟರೆ ಮಧ್ಯಮ ಅಂದಿತು. ಫೋಟೋ ಸ್ವಲ್ಪ ಕತ್ತರಿಸಿ ಕೊಟ್ಟರೆ ಗೋವಕ್ಕಿ ಅಂದಿತು! ಅದಕ್ಕೂ ನನ್ನಷ್ಟೇ ಗೊತ್ತು ಅಂತ ಕಾಣುತ್ತದೆ.

ಮೂರನೆಯದು ಬಹಳ ದೂರ. ಆಳ ನೀರಿನಲ್ಲಿ ಒಂಟಿ ನಿಂತಿತ್ತು, ಕುತ್ತಿಗೆ ಎಲ್ಲೋ ಮುರಿದು ಜೋಡಿಸಿದ ಹಾಗೆ. ಹತ್ತಿರ ಹೋಗೋಣ ಅಂದರೆ ನಾವು ಗಾಡಿ ಸ್ಟ್ಯಾಂಡ್ ಹಾಕುವಷ್ಟರಲ್ಲಿ ಹಾರಿಹೋಯಿತು.

ಇನ್ನೊಂದು ಮಾತು. ಚಿಕ್ಕ ಬೆಳ್ಳಕ್ಕಿಗೆ ಹಳದಿ ಪಾದ ಇರುತ್ತದೆ, ಅದೇ ಪಕ್ಕಾ ಗುರುತು ಅಂತಾರೆ. ನಾವು ಎರಡು ತಾಸು ನೋಡಿದೆವು. ಒಂದಕ್ಕೂ ಹಳದಿ ಪಾದ ಇರಲಿಲ್ಲ. ಬಾಗಲಕೋಟೆಯಲ್ಲಿ ಚಿಕ್ಕ ಬೆಳ್ಳಕ್ಕಿಯೇ ಇಲ್ಲವಾ ಹಾಗಾದರೆ?


ಗುಮ್ಮಟದ ಗುಬ್ಬಿ (ವಿಜಯಪುರ)

ಇಷ್ಟೆಲ್ಲಾ ತಲೆ ಕೆಡಿಸ್ಕೋಬೇಡಿ ಅಣ್ಣಾ, ಸುಲಭ ಇದೆ. ಕಪ್ಪು ಕೊಕ್ಕು ಇದ್ದರೆ ಚಿಕ್ಕ ಬೆಳ್ಳಕ್ಕಿ. ಹಳದಿ ಕೊಕ್ಕು, ಕುಳ್ಳಗೆ, ದನದ ಹತ್ತಿರ ಇದ್ದರೆ ಗೋವಕ್ಕಿ. ಹಳದಿ ಕೊಕ್ಕು, ಎತ್ತರ ಇದ್ದರೆ ದೊಡ್ಡದು. ಮಧ್ಯಮ ಅಂತ ಯಾರಾದರೂ ಹೇಳಿದರೆ ಸುಮ್ನೆ ಹೂಂ ಅನ್ನಿ, ಅದನ್ನು ನಾನಂತೂ ಯಾವತ್ತೂ ಖಾತ್ರಿಯಾಗಿ ನೋಡಿಲ್ಲ 😀

ನಾನು ಭೂತನಾಳ ಕೆರೆ, ಬೇಗಂ ತಲಾಬ್ ಎರಡೂ ಕಡೆ ಇದೇ ಲೆಕ್ಕದಲ್ಲಿ ನೋಡ್ತೀನಿ. ನಿಮ್ಮ ಒಂದನೇ ಫೋಟೋ ಚಿಕ್ಕ ಬೆಳ್ಳಕ್ಕಿ, ಅನುಮಾನವೇ ಬೇಡ. ಎಮ್ಮೆ ಹತ್ತಿರ ಅದೂ ಬರ್ತದೆ.


ಧೂಪದಾಳ ದುರ್ಬೀನು (ಗೋಕಾಕ ತಾಲೂಕು)

ಗುಬ್ಬಿ ತಮ್ಮಾ, ಸ್ವಲ್ಪ ತಡಿ. ಅಷ್ಟು ಅವಸರ ಬೇಡ.

ಒಂದನೇ ಫೋಟೋ ದೊಡ್ಡದು ಮಾಡಿ ನೋಡಿದೆ. ಅದು ಚಿಕ್ಕ ಬೆಳ್ಳಕ್ಕಿ ಅಲ್ಲ. ಗೋವಕ್ಕಿಯ ಮರಿ, ಅಂದರೆ ಈ ಮಳೆಗಾಲದಲ್ಲಿ ಹುಟ್ಟಿ ಈಗಷ್ಟೇ ಗೂಡು ಬಿಟ್ಟು ದೊಡ್ಡವರ ಜೊತೆ ಹೊಲಕ್ಕಿಳಿದದ್ದು. ಗೋವಕ್ಕಿ ಮರಿಗಳಿಗೆ ಶುರುವಿನಲ್ಲಿ ಕೊಕ್ಕು ಕಪ್ಪಗಿರುತ್ತದೆ, ಆಮೇಲೆ ನಿಧಾನಕ್ಕೆ ಹಳದಿಗೆ ತಿರುಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಗೂಡು ಕಟ್ಟುತ್ತವಲ್ಲ, ಹಾಗಾಗಿ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಈ ಫಜೀತಿ ಪ್ರತಿ ವರ್ಷ ಇದ್ದದ್ದೇ. ನಾನೂ ಮೊದಲ ಎರಡು ವರ್ಷ ಇದೇ ತಪ್ಪು ಮಾಡಿ ನೋಟ್‌ಬುಕ್ಕಿನಲ್ಲಿ "ಚಿಕ್ಕ ಬೆಳ್ಳಕ್ಕಿಗಳು ದನ ಕಾಯುತ್ತಿವೆ" ಅಂತ ಬರೆದುಕೊಂಡಿದ್ದೆ. ಆ ನೋಟ್‌ಬುಕ್ ಈಗ ಯಾರಿಗೂ ತೋರಿಸುವುದಿಲ್ಲ.

ಬಣ್ಣ ಬಿಟ್ಟುಬಿಡಿ. ಆಕಾರ ನೋಡಿ. ಆ ಹಕ್ಕಿಯ ಗಲ್ಲದ ಕೆಳಗೆ ಗರಿ ಉಬ್ಬಿದೆ, ಗದ್ದಕ್ಕೆ ಬಟ್ಟೆ ಕಟ್ಟಿಕೊಂಡು ಹಲ್ಲುನೋವಿಗೆ ಔಷಧ ಹಾಕಿಸಿಕೊಂಡು ಬಂದವರ ಹಾಗೆ. ಕೆಳಕೊಕ್ಕಿನ ಬುಡದಲ್ಲಿ ಆ ಗರಿ ಮುಂದಕ್ಕೆ ಚಾಚಿರುತ್ತದೆ. ಇದು ಗೋವಕ್ಕಿಗೆ ಮಾತ್ರ. ಕೊಕ್ಕು ಗಿಡ್ಡ, ದಪ್ಪ. ಕುತ್ತಿಗೆಯೂ ಗಿಡ್ಡ, ಹೆಗಲೊಳಗೆ ಸೇರಿಸಿಕೊಂಡು ಗೂನು ಬಿದ್ದ ಹಾಗೆ ನಿಲ್ಲುತ್ತದೆ. ಚಿಕ್ಕ ಬೆಳ್ಳಕ್ಕಿಯ ಕೊಕ್ಕು ಸೂಜಿ. ಉದ್ದ, ತೆಳ್ಳಗೆ, ನೆಟ್ಟಗೆ. ಕುತ್ತಿಗೆಯೂ ತೆಳ್ಳಗೆ, ಒಟ್ಟಾರೆ ಆ ಹಕ್ಕಿಗೆ ಒಂದು ಒಯ್ಯಾರ ಇರುತ್ತದೆ. ಗೋವಕ್ಕಿಗೆ ಆ ಒಯ್ಯಾರ ಇಲ್ಲ, ಅದು ದುಡಿಯುವ ಮಂದಿ.

ಎರಡನೆಯದು ಮಧ್ಯಮ ಬೆಳ್ಳಕ್ಕಿ ಅಂತ ನನ್ನ ಅನಿಸಿಕೆ. ಮೂರನೆಯದು ದೊಡ್ಡದು. ಯಾಕೆ ಅಂತ ಆಮೇಲೆ ಬರೀತೀನಿ, ಈಗ ಹಾಲಿನವ ಬಂದ.


ಎರಿ ಹೊಲ (ಮುಧೋಳ ತಾಲೂಕು)

ನಾನು ಹಕ್ಕಿ ಪುಸ್ತಕ ಓದಿದವನಲ್ಲ, ಹೊಲ ಮಾಡುವವನು. ಆದರೆ ಗೋವಕ್ಕಿ ವಿಷಯಕ್ಕೆ ನನ್ನನ್ನೂ ಕೇಳಬೇಕು. ಟ್ರ್ಯಾಕ್ಟರ್ ಚಾಲು ಮಾಡಿದ ಸದ್ದಿಗೇ ಎಲ್ಲಿಂದಲೋ ಬಂದುಬಿಡುತ್ತವೆ. ರಂಟೆ ಹೊಡೆಯುತ್ತಾ ತಿರುಗಿ ನೋಡಿದರೆ ಹಿಂದೆ ಬಿಳೀ ಸಾಲು, ಮದುವೆ ಮೆರವಣಿಗೆ ಹೊರಟ ಹಾಗೆ. ಎರಿ ಮಣ್ಣು ಮಗುಚಿದ ಕೂಡಲೇ ಹುಳ, ಮಿಡತೆ, ಕಪ್ಪೆ ಎಲ್ಲಾ ಮೇಲೆ ಬರುತ್ತವೆ, ಅದಕ್ಕೆ ಬರುತ್ತವೆ ಅಷ್ಟೇ. ಎಮ್ಮೆ ಹಿಂದೆ ಹೋಗುವುದೂ ಅದಕ್ಕೇ. ನಮ್ಮ ಅಪ್ಪ "ಉಣ್ಣಿ ತಿನ್ನಾಕ ಬರ್ತಾವ" ಅಂತಿದ್ದರು. ಉಣ್ಣಿ ಸಿಕ್ಕರೆ ಬಿಡುವುದಿಲ್ಲ ಬಿಡಿ, ಆದರೆ ನಾನು ಗಮನಿಸಿದ ಮಟ್ಟಿಗೆ ಅವುಗಳ ಕಣ್ಣು ಎಮ್ಮೆಯ ಕಾಲ ಮೇಲಿರುತ್ತದೆ, ಮೈ ಮೇಲಲ್ಲ. ಎಮ್ಮೆ ಕಾಲು ಎತ್ತಿಟ್ಟಾಗ ಹುಲ್ಲಿನಿಂದ ಮಿಡತೆ ಹಾರುತ್ತದಲ್ಲ, ಅದು ಬೇಕು ಅವಕ್ಕೆ.

ಬೇಸಿಗೆ ಮುಗಿಯುವ ಹೊತ್ತಿಗೆ, ಮಳೆ ಶುರುವಾಗುವ ಮುಂಚೆ, ಇವಕ್ಕೆ ತಲೆ, ಕುತ್ತಿಗೆ, ಬೆನ್ನಿಗೆ ಕೇಸರಿ ಬಣ್ಣ ಬರುತ್ತದೆ. ಬಣ್ಣದ ಹಬ್ಬದಲ್ಲಿ ಯಾರೋ ಉಗ್ಗಿದ ಹಾಗೆ. ಆಗ ಮಾತ್ರ ಚಿಕ್ಕ ಹುಡುಗನೂ ಗುರುತು ಹಿಡಿಯುತ್ತಾನೆ.

ಈಗ ಮುಖ್ಯ ಮಾತು. ಹಳದಿ ಪಾದ ಕಾಣಲಿಲ್ಲ ಅಂದಿರಲ್ಲ, ಅಣ್ಣಾರ, ನೀವು ನಿಂತದ್ದು ಎರಿ ಭೂಮಿಯಲ್ಲಿ ರೀ! ಅಲ್ಲಿ ಕಾಲಿಟ್ಟರೆ ನನ್ನ ಕಾಲೇ ನನಗೆ ಕಾಣುವುದಿಲ್ಲ, ಇನ್ನು ಬೆಳ್ಳಕ್ಕಿ ಪಾದ ಎಲ್ಲಿ ಕಾಣಬೇಕು. ಕೆಸರಲ್ಲಿ ಅಡ್ಡಾಡಿದ ಹಕ್ಕಿಗೆ ಮೊಣಕಾಲಿನ ತನಕ ಕರೀ ಬೂಟು ಹಾಕಿದ ಹಾಗಿರುತ್ತದೆ. ನಿಮ್ಮೂರಲ್ಲಿ ಚಿಕ್ಕ ಬೆಳ್ಳಕ್ಕಿ ಬೇಕಾದಷ್ಟು ಇವೆ. ಕಾಲು ತೊಳೆದುಕೊಂಡು ಬರಲಿ ಅಂತ ಕಾಯಬೇಕು.


ಹಿನ್ನೀರ ದಂಡೆ

ಎರಿ ಹೊಲ ಅವರೇ, ಮಗಳಿಗೆ ಓದಿ ಹೇಳಿದೆ, "ಕರೀ ಬೂಟು" ಅನ್ನುತ್ತಾ ಅರ್ಧ ತಾಸು ನಕ್ಕಳು. ಕಾಕಾ, ನಿಮ್ಮ ಉತ್ತರಕ್ಕೆ ಕಾಯ್ತಾ ಇದ್ದೇನೆ. ನನಗೆ ದೊಡ್ಡದು ಮತ್ತು ಮಧ್ಯಮ ಇವೆರಡರ ನಡುವೆ ವ್ಯತ್ಯಾಸವೇ ಹೊಳೆಯುತ್ತಿಲ್ಲ. ಸೈಜು ಅಂತಾರೆ, ಆದರೆ ಒಂದೇ ಹಕ್ಕಿ ಒಂಟಿಯಾಗಿ ನಿಂತಿದ್ದರೆ ಅದು ದೊಡ್ಡದೋ ಚಿಕ್ಕದೋ ಹೇಗೆ ಹೇಳೋದು? ಪಕ್ಕದಲ್ಲಿ ಫೂಟುಪಟ್ಟಿ ಇಟ್ಟಿರುತ್ತಾರಾ?

ಮತ್ತೆ ಆ್ಯಪ್‌ನಲ್ಲಿ ಈಸ್ಟರ್ನ್ ಕ್ಯಾಟಲ್ ಇಗ್ರೆಟ್, ಮೀಡಿಯಂ ಇಗ್ರೆಟ್ ಅಂತ ಬರುತ್ತಿದೆ. ಪುಸ್ತಕದಲ್ಲಿ ಬರೀ ಕ್ಯಾಟಲ್ ಇಗ್ರೆಟ್, ಇಂಟರ್ಮೀಡಿಯಟ್ ಇಗ್ರೆಟ್ ಅಂತಿದೆ. ಇವೇನು ಐದನೇದು ಆರನೇದಾ?


ಧೂಪದಾಳ ದುರ್ಬೀನು

ಹೆಸರಿನ ವಿಷಯ ಮೊದಲು ಮುಗಿಸಿಬಿಡೋಣ. ಹಕ್ಕಿ ಹೊಸದಲ್ಲ, ಹೆಸರು ಹೊಸದು. ಈಚಿನ ವರ್ಷಗಳಲ್ಲಿ ವಿಜ್ಞಾನಿಗಳು ಗೋವಕ್ಕಿಯನ್ನು ಪೂರ್ವದ್ದು ಪಶ್ಚಿಮದ್ದು ಅಂತ ಎರಡು ಮಾಡಿದ್ದಾರೆ, ನಮ್ಮದು ಪೂರ್ವದ್ದು. ಮಧ್ಯಮ ಬೆಳ್ಳಕ್ಕಿಯನ್ನೂ ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾ ಕಡೆಯದು ಅಂತ ಬೇರೆ ಬೇರೆ ಮಾಡಿದ್ದಾರೆ. ನಿಮ್ಮ ಮಗಳ ಚಾರ್ಟಿಗೆ ನಾಲ್ಕೇ ಸಾಕು.

ಈಗ ಸೈಜು. ನೀವು ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ. ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಅಳೆದರೆ ಗೋವಕ್ಕಿ ಸುಮಾರು 50 ಸೆಂಟಿಮೀಟರ್, ಚಿಕ್ಕ ಬೆಳ್ಳಕ್ಕಿ 60ರ ಆಸುಪಾಸು, ಮಧ್ಯಮ 65ರಿಂದ 70, ದೊಡ್ಡದು 90 ದಾಟಿ ಒಂದು ಮೀಟರ್ ಹತ್ತಿರ. ಕಾಗದದ ಮೇಲೆ ಚೆಂದ ಇದೆ. ನೀರಿನಾಚೆ ಒಂಟಿ ನಿಂತ ಹಕ್ಕಿಗೆ ಈ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಚಿಕ್ಕದು ಮತ್ತು ಮಧ್ಯಮದ ನಡುವೆ ಒಂದು ಗೇಣೂ ಅಂತರ ಇಲ್ಲವಲ್ಲ. ಪಕ್ಕದಲ್ಲಿ ಬೂದು ಬಕ ಇದ್ದರೆ ಅದೇ ನಿಮ್ಮ ಫೂಟುಪಟ್ಟಿ. ಬೂದು ಬಕದಷ್ಟೇ ಎತ್ತರ ಇದ್ದರೆ ದೊಡ್ಡ ಬೆಳ್ಳಕ್ಕಿ, ಅದರ ಹೆಗಲಿಗೆ ಬರುವಂತಿದ್ದರೆ ಬೇರೆ ಯಾವುದೋ. ಬೂದು ಬಕ ಇಲ್ಲ ಅಂದರೆ ಸೈಜು ಮರೆತುಬಿಡಿ.

ನಾನು ನಂಬುವುದು ಬಾಯಿಗೆರೆಯನ್ನು. ಕೊಕ್ಕು ಮುಚ್ಚಿದಾಗ ಮೇಲಿನದು ಕೆಳಗಿನದು ಸೇರುವ ಗೆರೆ ಇರುತ್ತದಲ್ಲ, ಅದು ಮುಖದ ಮೇಲೆ ಹಿಂದಕ್ಕೆ ಹೋಗುತ್ತದೆ. ದೊಡ್ಡ ಬೆಳ್ಳಕ್ಕಿಯಲ್ಲಿ ಆ ಗೆರೆ ಕಣ್ಣನ್ನು ದಾಟಿ ಹಿಂದೆ ಹೋಗಿ ನಿಲ್ಲುತ್ತದೆ. ಮಧ್ಯಮದಲ್ಲಿ ಕಣ್ಣಿನ ಕೆಳಗೆ ಬಂದು ನಿಂತುಬಿಡುತ್ತದೆ, ದಾಟುವುದಿಲ್ಲ. ಕೊಕ್ಕಿನ ಬಣ್ಣ ತಿಂಗಳಿಗೊಂದು ಆಗಬಹುದು, ಈ ಗೆರೆ ಬದಲಾಗುವುದಿಲ್ಲ. ನಿಮ್ಮ ಎರಡನೇ ಫೋಟೋ ದೊಡ್ಡದು ಮಾಡಿ, ಕಣ್ಣಿನಿಂದ ನೇರ ಕೆಳಕ್ಕೆ ಬೆರಳಿಟ್ಟು ನೋಡಿ. ಗೆರೆ ಅಲ್ಲೇ ಮುಗಿದಿದೆ. ಅದಕ್ಕೇ ಮಧ್ಯಮ ಅಂದೆ. ಕೊಕ್ಕಿನ ತುದಿಗೆ ಮಸಿ ಹತ್ತಿದ ಹಾಗಿರುವುದೂ ಅದರದ್ದೇ ಲಕ್ಷಣ, ಆದರೆ ಅದೊಂದನ್ನೇ ನಂಬಬೇಡಿ. ಈ ತಿಂಗಳಲ್ಲಿ ದೊಡ್ಡದರ ಕೊಕ್ಕೂ ಕಪ್ಪಿನಿಂದ ಹಳದಿಗೆ ತಿರುಗುತ್ತಾ ಅರ್ಧಂಬರ್ಧ ಇರಬಹುದು.

ಹೌದು, ಅದನ್ನು ಹೇಳುವುದೇ ಮರೆತೆ. ಮರಿ ಮಾಡುವ ಕಾಲದಲ್ಲಿ ದೊಡ್ಡದಕ್ಕೂ ಮಧ್ಯಮಕ್ಕೂ ಕೊಕ್ಕು ಕಪ್ಪಾಗುತ್ತದೆ. ಜುಲೈನಲ್ಲಿ ಗುಬ್ಬಿ ತಮ್ಮನ ಲೆಕ್ಕ ಹಿಡಿದು ಹೊರಟರೆ ಕೆರೆಯಲ್ಲಿರುವ ಮುಕ್ಕಾಲು ಹಕ್ಕಿ ಚಿಕ್ಕ ಬೆಳ್ಳಕ್ಕಿ ಆಗಿಬಿಡುತ್ತವೆ.

ಕುತ್ತಿಗೆ ಮುರಿದು ಜೋಡಿಸಿದ ಹಾಗಿತ್ತು ಅಂದಿರಿ. ಅಷ್ಟು ಸಾಕು ಮೂರನೆಯದಕ್ಕೆ. ಈ ಜಾತಿಯ ಹಕ್ಕಿಗಳ ಕುತ್ತಿಗೆಯಲ್ಲಿ ಆರನೇ ಮೂಳೆ ಉಳಿದವಕ್ಕಿಂತ ಉದ್ದ ಇರುತ್ತದೆ, ಅದಕ್ಕೇ ಕುತ್ತಿಗೆ ಹಾಗೆ ಮಡಚುತ್ತದೆ, ಮೀನಿಗೆ ಕುಕ್ಕುವಾಗ ಬಿಲ್ಲಿನಿಂದ ಬಾಣ ಬಿಟ್ಟ ಹಾಗೆ ಬರುತ್ತದೆ. ದೊಡ್ಡ ಬೆಳ್ಳಕ್ಕಿಯಲ್ಲಿ ಆ ಮಡಿಕೆ ಎದ್ದು ಕಾಣುತ್ತದೆ, ಯಾಕೆಂದರೆ ಅದರ ಕುತ್ತಿಗೆ ಮೈಗಿಂತ ಉದ್ದ. ಮಧ್ಯಮದ ಕುತ್ತಿಗೆ ಮೈಯಷ್ಟೇ, ತಲೆಯೂ ಗುಂಡಗೆ, ಕೊಕ್ಕು ಗಿಡ್ಡ, ಮುಖದಲ್ಲಿ ಒಂಥರಾ ಸಾಧು ಕಳೆ. ದೊಡ್ಡದರ ತಲೆ ಚಪ್ಪಟೆ, ಕೊಕ್ಕು ಕಠಾರಿ. ಮುಖ ನೋಡಿದರೆ ಸಾಲ ವಸೂಲಿಗೆ ಬಂದವರ ನೆನಪಾಗುತ್ತದೆ.


ಗುಮ್ಮಟದ ಗುಬ್ಬಿ

ಸೋತೆ ಕಾಕಾ 🙏 ನನ್ನ ಹಳೇ ಫೋಟೋ ಎಲ್ಲಾ ತೆಗೆದು ನೋಡಿದೆ. ಹೋದ ಜುಲೈನಲ್ಲಿ ಭೂತನಾಳದಲ್ಲಿ ತೆಗೆದ "ಚಿಕ್ಕ ಬೆಳ್ಳಕ್ಕಿ"ಗೆ ಎದೆಯ ಮೇಲೆ ಇಷ್ಟುದ್ದ ಗರಿ ಇಳಿಬಿದ್ದಿದೆ, ಬಾಯಿಗೆರೆ ಕಣ್ಣಿನ ಕೆಳಗೆ ನಿಂತಿದೆ. ಮಧ್ಯಮ! ನೋಡೇ ಇಲ್ಲ ಅಂದದ್ದನ್ನು ನಾನೇ ಫೋಟೋ ತೆಗೆದಿದ್ದೇನೆ. ಅದೂ ಒಂದಲ್ಲ, ಏಳು ಸಲ.

ಆದರೆ ಫೋಟೋ ವಿಷಯದಲ್ಲಿ ನನ್ನ ಮಾತು ಕೇಳಿ. ಹಿನ್ನೀರ ದಂಡೆ ಅಣ್ಣಾ, ನಿಮ್ಮ ಫೋಟೋಗಳಲ್ಲಿ ಹಕ್ಕಿ ಸುಟ್ಟುಹೋಗಿವೆ. ಬಿಳಿ ಹಕ್ಕಿ, ಬಿಸಿಲು, ಹಿಂದೆ ಕಪ್ಪು ಎಮ್ಮೆ, ಕಪ್ಪು ಮಣ್ಣು. ಕ್ಯಾಮೆರಾ ಕಪ್ಪನ್ನು ನೋಡಿ ಬೆಳಕು ಜಾಸ್ತಿ ಬಿಡುತ್ತದೆ, ಹಕ್ಕಿ ಸುಣ್ಣದ ಉಂಡೆ ಆಗುತ್ತದೆ. ಮೊಬೈಲ್ ಪರದೆಯಲ್ಲಿ ಹಕ್ಕಿ ಮೇಲೆ ಬೆರಳಿಟ್ಟು ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಚಿತ್ರವನ್ನು ಕೆಳಗೆ ಎಳೆಯಿರಿ. ಆಗ ಗಲ್ಲದ ಗರಿ, ಬಾಯಿಗೆರೆ ಎಲ್ಲಾ ಉಳಿಯುತ್ತದೆ. ಸಂಜೆ ಐದೂವರೆ ಮೇಲೆ ಹೋಗಬೇಡಿ, ಆ ಬೆಳಕಿಗೆ ಎಲ್ಲಾ ಕೊಕ್ಕೂ ಕಿತ್ತಳೆ ಹಣ್ಣೇ.

ಇನ್ನೊಂದು, ಆ್ಯಪ್ ಅನ್ನು ಪೂರ್ತಿ ಬೈಯಬೇಡಿ. ಅದಕ್ಕೆ ಊರು, ತಿಂಗಳು ಸರಿಯಾಗಿ ಕೊಟ್ಟಿದ್ದೀರಾ ನೋಡಿ. ನನ್ನದರಲ್ಲಿ ಊರು ಹಾಕದೇ ಬಿಟ್ಟಾಗ ಅಮೆರಿಕದ ಹಕ್ಕಿ ತೋರಿಸಿತ್ತು.


ಮಲಪ್ರಭೆಯ ಮೇಷ್ಟ್ರಮ್ಮ (ಖಾನಾಪುರ)

ಬಹಳ ದಿನದ ಮೇಲೆ ಇಲ್ಲಿ ಒಳ್ಳೆ ಮಾತು ನಡೀತಿದೆ. ಗುಬ್ಬಿ ಎದೆಯ ಗರಿ ಅಂದದ್ದಕ್ಕೆ ಒಂದಿಷ್ಟು ಸೇರಿಸುತ್ತೇನೆ, ಮಳೆಗಾಲದಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ಮರಿ ಮಾಡುವ ಕಾಲಕ್ಕೆ ಇವಕ್ಕೆ ಜಾಲರಿಯಂಥ ಗರಿ ಬರುತ್ತವೆ. ದೊಡ್ಡದಕ್ಕೆ ಬೆನ್ನಿನ ಮೇಲೆ ಮಾತ್ರ. ಮಧ್ಯಮಕ್ಕೆ ಬೆನ್ನಿಗೂ ಎದೆಗೂ. ಚಿಕ್ಕ ಬೆಳ್ಳಕ್ಕಿಗೆ ಬೆನ್ನು, ಎದೆ ಎರಡರ ಜೊತೆಗೆ ತಲೆಯ ಹಿಂದೆ ಎರಡು ಉದ್ದ ಎಳೆ, ಹೆಣ್ಣುಮಕ್ಕಳು ರಿಬ್ಬನ್ ಬಿಚ್ಚಿಕೊಂಡ ಹಾಗೆ. ಗಾಳಿಗೆ ಆ ಎರಡು ಎಳೆ ಹಾರಾಡುವುದನ್ನು ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ. ದೊಡ್ಡದಕ್ಕೆ ಕಣ್ಣು ಮತ್ತು ಕೊಕ್ಕಿನ ನಡುವಿನ ಬೋಳು ಚರ್ಮ ಹಸಿರು ನೀಲಿ ಆಗುತ್ತದೆ. ಚಿಕ್ಕದಕ್ಕೆ ಅದೇ ಜಾಗ ಸ್ವಲ್ಪ ದಿನ ಕೆಂಪೇರುತ್ತದೆ.

ಈ ಗರಿಗಳೇ ಇವುಗಳ ಪ್ರಾಣಕ್ಕೆ ಮುಳುವಾಗಿದ್ದವು. 19ನೇ ಶತಮಾನದ ಕೊನೆಗೆ ಯುರೋಪು, ಅಮೆರಿಕದ ಹೆಂಗಸರ ಟೋಪಿಗೆ ಇದೇ ಗರಿ ಬೇಕು ಅಂತಾಗಿ, ತೂಕಕ್ಕೆ ತೂಕ ಬಂಗಾರಕ್ಕಿಂತ ಜಾಸ್ತಿ ಬೆಲೆಗೆ ಮಾರಾಟವಾಗುತ್ತಿತ್ತು. ಗರಿ ಬರುವುದು ಗೂಡು ಕಟ್ಟಿದಾಗ ತಾನೇ? ಅಂದರೆ ತಾಯಿಯನ್ನು ಕೊಂದರೆ ಗೂಡಿನಲ್ಲಿದ್ದ ಮರಿಗಳೂ ಹೋದವು. ಸಿಂಧ್ ಪ್ರಾಂತ್ಯದಲ್ಲಂತೂ ಕೆರೆ ದಂಡೆಯ ಮೀನುಗಾರರು ಬೆಳ್ಳಕ್ಕಿಗಳನ್ನು ಕೋಳಿ ಸಾಕಿದ ಹಾಗೆ ಸಾಕಿ ಗರಿ ತೆಗೆಯುತ್ತಿದ್ದರು. 1902ರಲ್ಲಿ ಆಗಿನ ಸರ್ಕಾರ ಭಾರತದಿಂದ ಹಕ್ಕಿ ಗರಿ ಹೊರಗೆ ಕಳಿಸುವುದನ್ನು ನಿಲ್ಲಿಸಿತು. ಅದಕ್ಕೂ ಮುಂಚೆ, 1889ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಕೆಲವು ಹೆಂಗಸರೇ ಸೇರಿ ಗರಿ ಟೋಪಿ ಹಾಕುವುದಿಲ್ಲ ಅಂತ ಸಂಘ ಕಟ್ಟಿದ್ದರು. ಮಗಳ ಚಾರ್ಟಿನ ಮೂಲೆಯಲ್ಲಿ ಒಂದು ಟೋಪಿ ಬರೆಸಿ, ಅವಳ ಟೀಚರ್ ಕೇಳಿದಾಗ ಈ ಕಥೆ ಹೇಳಲಿ.

ನಡಿಗೆಯನ್ನೂ ನೋಡಿ. ಚಿಕ್ಕ ಬೆಳ್ಳಕ್ಕಿ ನಿಂತಲ್ಲಿ ನಿಲ್ಲುವುದಿಲ್ಲ. ಓಡುತ್ತದೆ, ತಿರುಗುತ್ತದೆ, ರೆಕ್ಕೆ ಅರೆಬಿಚ್ಚುತ್ತದೆ, ಒಂದು ಕಾಲು ಮುಂದಿಟ್ಟು ನೀರಿನೊಳಗೆ ಗಡಗಡ ನಡುಗಿಸುತ್ತದೆ. ಕೆಸರು ಕದಡಿ ಮೀನು, ಸಿಗಡಿ ಎದ್ದು ಬರಲಿ ಅಂತ. ಎರಿ ಹೊಲದವರು ಹೇಳಿದ ಕರೀ ಬೂಟಿನ ಹಕ್ಕಿಯನ್ನು ಹೀಗೆ ಹಿಡಿಯಬಹುದು, ಪಾದ ಕಾಣದಿದ್ದರೂ ಪರವಾಗಿಲ್ಲ. ದೊಡ್ಡದು ಹಾಗಲ್ಲ, ತಪಸ್ಸಿಗೆ ನಿಂತ ಹಾಗೆ ನಿಂತಿರುತ್ತದೆ. ಬಕಧ್ಯಾನ ಅಂತ ನಮ್ಮವರು ಸುಮ್ನೆ ಅಂದದ್ದಲ್ಲ. ಮಧ್ಯಮ ಹುಲ್ಲಿರುವ ನೀರಿನಲ್ಲಿ ಮೆಲ್ಲಗೆ ಹೆಜ್ಜೆ ಹಾಕುತ್ತದೆ.

ಒಂದು ಎಚ್ಚರಿಕೆ ಕೂಡ. ದಂಡೆಯಲ್ಲಿ ಮಣ್ಣಿನ ಬಣ್ಣದ ಹಕ್ಕಿ ಕೂತಿರುತ್ತದೆ, ಹತ್ತಿರ ಹೋದರೆ ದಢಕ್ಕನೆ ಬೆಳ್ಳಗೆ ಹಾರುತ್ತದೆ. ಅದು ಬೆಳ್ಳಕ್ಕಿ ಅಲ್ಲ, ಕೊಳದ ಬಕ. ರೆಕ್ಕೆ ಮಾತ್ರ ಬಿಳಿ. ಮತ್ತೆ ಹಾರುವಾಗ ಕುತ್ತಿಗೆ ಮುಂದಕ್ಕೆ ಚಾಚಿಕೊಂಡು ಹೋಗುವ ಬಿಳಿ ಹಕ್ಕಿ ಕಂಡರೆ ಅದು ಚಮಚದ ಕೊಕ್ಕಿನದ್ದೋ ಇನ್ನೇನೋ. ಬೆಳ್ಳಕ್ಕಿಗಳು ಹಾರುವಾಗ ಕುತ್ತಿಗೆ ಮಡಚಿ ಹೆಗಲಿಗೆ ಸೇರಿಸಿಕೊಳ್ಳುತ್ತವೆ. ನಾನು ಹೋದ ಒಂದು ಕೆರೆಯ ದಂಡೆಯಲ್ಲಿ ಹಾಕಿದ್ದ ಬೋರ್ಡಿನಲ್ಲಿ ಬೆಳ್ಳಕ್ಕಿ ಹೆಸರಿನ ಕೆಳಗೆ ಚಮಚದ ಕೊಕ್ಕಿನ ಚಿತ್ರ ಇತ್ತು. ಮಕ್ಕಳು ಅದನ್ನೇ ನೋಟ್ಸ್ ಬರೆದುಕೊಂಡರು. ನಾನು ಎಲ್ಲರ ಪುಸ್ತಕ ಇಸಿದುಕೊಂಡು ತಿದ್ದಬೇಕಾಯಿತು.


ಎರಿ ಹೊಲ

ಅಕ್ಕಾರ, ಕಾಲು ನಡುಗಿಸುವುದನ್ನು ನಾನು ಕಬ್ಬಿಗೆ ನೀರು ಹಾಯಿಸುವಾಗ ಕಾಲುವೆಯಲ್ಲಿ ನೋಡಿದ್ದೇನೆ. ಹಕ್ಕಿಗೆ ಏನೋ ರೋಗ ಬಂದಿದೆ ಅಂದುಕೊಂಡಿದ್ದೆ!


ಹಿನ್ನೀರ ದಂಡೆ

ಈ ಭಾನುವಾರ ಮತ್ತೆ ಹೋಗಿ ಬಂದೆವು. ವರದಿ ಒಪ್ಪಿಸುತ್ತಿದ್ದೇನೆ.

ಮನೆಯಲ್ಲಿ ಮಗಳು ಎರಡನೇ ಫೋಟೋವನ್ನು ಪ್ರಿಂಟ್ ಹಾಕಿಸಿಕೊಂಡು ಕಣ್ಣಿನಿಂದ ಕೆಳಗೆ ಪೆನ್ಸಿಲ್ ಗೆರೆ ಎಳೆದಳು. ಬಾಯಿಗೆರೆ ಸರಿಯಾಗಿ ಅಲ್ಲಿಗೇ ಮುಗಿದಿತ್ತು. ಮಧ್ಯಮ, ಪಾಸ್. ಮೊದಲ ಫೋಟೋದ ಹಕ್ಕಿಗೆ ಗಲ್ಲ ಉಬ್ಬಿದ್ದು ಈಗ ನನಗೂ ಕಾಣುತ್ತಿದೆ. ಅದೇ ಎಮ್ಮೆಗಳು ಈ ವಾರವೂ ಇದ್ದವು, ಎಮ್ಮೆ ಕಾಯುವ ಅಜ್ಜನನ್ನು ಕೇಳಿದೆವು. "ಅವು ಮರಿ ಅದಾವ, ಇನ್ನೂ ಬಾಯಿ ಹಣ್ಣಾಗಿಲ್ಲ" ಅಂದ. ನೋಡಿ, ಇಲ್ಲಿ ನಾವು ಒಂದು ವಾರ ಮಾತಾಡಿದ್ದನ್ನು ಅಜ್ಜ ಎರಡು ಮಾತಲ್ಲಿ ಮುಗಿಸಿದ.

ಇನ್ನು ಕರೀ ಬೂಟು. ನೀರಂಚಿನಲ್ಲಿ ಒಂದು ಹಕ್ಕಿ ಮೇಷ್ಟ್ರಮ್ಮ ಹೇಳಿದ ಹಾಗೆಯೇ ಕಾಲು ನಡುಗಿಸುತ್ತಿತ್ತು. ಕೊಕ್ಕು ಕಪ್ಪು, ಸೂಜಿ. ಪಾದ ಮಾತ್ರ ಕೆಸರೋ ಕೆಸರು. ಮಗಳು ಹಟ ಹಿಡಿದಳು, ಪಾದ ನೋಡದೇ ಬರೆಯುವುದಿಲ್ಲ ಅಂತ. ನಲವತ್ತು ನಿಮಿಷ ಬಿಸಿಲಲ್ಲಿ ಕೂತೆವು. ನಾನು ಎರಡು ಸಲ ಏಳೋಣ ಅಂದೆ, ಅವಳು ಕೇಳಲಿಲ್ಲ. ಕೊನೆಗೆ ಒಂದು ಎಮ್ಮೆ ಧಡಧಡ ನೀರಿಗಿಳಿಯಿತು, ಹಕ್ಕಿ ಹೆದರಿ ಹಾರಿ ಆಚೆ ಕಲ್ಲುಗಳಿರುವ ಕಡೆ ತಿಳಿನೀರಿಗೆ ಹೋಗಿ ಇಳಿಯಿತು. ಸ್ವಲ್ಪ ಹೊತ್ತು ನೀರಲ್ಲಿ ಅಡ್ಡಾಡಿ ಒಂದು ಕಲ್ಲಿನ ಮೇಲೆ ಹತ್ತಿ ನಿಂತಿತು. ಕಪ್ಪು ಕಾಲು, ಕೆಳಗೆ ಅರಿಶಿಣದಲ್ಲಿ ಅದ್ದಿದ ಪಾದ! ಮಗಳು ಕಿರುಚಿದ್ದಕ್ಕೆ ಅದೂ ಹಾರಿಹೋಯಿತು, ಫೋಟೋ ಸಿಗಲಿಲ್ಲ, ಆದರೆ ಹಾರುವಾಗ ಬಾಲದ ಹಿಂದೆ ಎರಡು ಹಳದಿ ಚುಕ್ಕೆ ಇಬ್ಬರಿಗೂ ಕಂಡಿತು.

ಚಾರ್ಟಿನಲ್ಲಿ ಮೂರು ಖಾನೆ ತುಂಬಿವೆ. ದೊಡ್ಡದರ ಖಾನೆ ಖಾಲಿ ಇದೆ. ನೆಟ್‌ನಲ್ಲಿ ನೋಡಿ ಬರಿ ಅಂದರೆ ಒಪ್ಪುತ್ತಿಲ್ಲ, ತಾನೇ ಹತ್ತಿರದಿಂದ ನೋಡಬೇಕಂತೆ. ಚಾರ್ಟ್ ಕೊಡಬೇಕಾದದ್ದು ಗುರುವಾರ. ಎಲ್ಲಿ ಹೋಗಲಿ ಹೇಳಿ?


ಧೂಪದಾಳ ದುರ್ಬೀನು

ಗುರುವಾರದೊಳಗೆ ಕಷ್ಟ ಇದೆ. ಅದು ಬಹಳ ಹುಷಾರು ಹಕ್ಕಿ, ನಡೆದು ಹೋದವರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಒಂದು ಕೆಲಸ ಮಾಡಿ, ಯಾರದಾದರೂ ಕಾರು ತಗೊಂಡು ಬೆಳಿಗ್ಗೆ ಬೇಗ ಹೆರಕಲ್ ಕಡೆ ಹೋಗಿ. ನೀರಿನ ಪಕ್ಕ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಕೆಳಗಿಳಿಯದೇ ಕಿಟಕಿಯಿಂದ ನೋಡಿ. ಕಾರಿಗೆ ಅಷ್ಟು ಹೆದರುವುದಿಲ್ಲ. ಮಗಳಿಗೆ ಕಿರುಚಬೇಡ ಅಂತ ಮೊದಲೇ ಹೇಳಿರಿ.

ಬೇಸಿಗೆಗೆ ಮತ್ತೆ ಹೋಗಿ. ಈಗ ಡ್ಯಾಮಿನ ಪೂರ್ತಿ ಮಟ್ಟಕ್ಕೆ, ಅಂದರೆ ಸಮುದ್ರಮಟ್ಟದಿಂದ 519.60 ಮೀಟರ್‌ಗೆ, ತುಂಬಿ ನಿಂತ ನೀರು ಆಗ ಹಿಂದೆ ಸರಿದಿರುತ್ತದೆ, ಕೆಸರ ಬಯಲು ತೆರೆದುಕೊಂಡಿರುತ್ತದೆ, ರಾಜಹಂಸಗಳೂ ಬರುತ್ತವೆ. ನಮ್ಮ ಘಟಪ್ರಭಾ ಪಕ್ಷಿಧಾಮಕ್ಕೂ ಒಮ್ಮೆ ಕರೆದುಕೊಂಡು ಬನ್ನಿ, ನಾನು ದುರ್ಬೀನು ತರುತ್ತೇನೆ.


ಗುಮ್ಮಟದ ಗುಬ್ಬಿ

ರಾಜಹಂಸ ಅಂದ್ರಲ್ಲ ಕಾಕಾ, ಅದರಲ್ಲೂ ಎರಡು ಥರ ಇವೆ. ಇದನ್ನು ಮಗುವಿಗೆ ಗುರುವಾರದ ತನಕ ಹೇಳಬೇಡಿ ಅಣ್ಣಾ.


ಹಿನ್ನೀರ ದಂಡೆ

ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ ಮಾರಾಯಾ.